ಒಂದೇ ಆಂಟೆನಾಗೆ ನಾಲ್ಕು ಟಿವಿ: ಸ್ಪ್ಲಿಟರ್ ಹಾಕಿದೊಡನೆ 8ನೇ ಚಾನೆಲ್ ಒಡೆಯುತ್ತಿದೆ

ಪ್ರಶ್ನೆ: ಮಲೆನಾಡಿಗ (ಫ್ರಿಸ್ಕೋ, ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ಕೇಬಲ್ ಸಂಪರ್ಕವನ್ನು ಬಿಟ್ಟು, ಡಲ್ಲಾಸ್ ಸುತ್ತಮುತ್ತಲಿನ ಉಚಿತ ಚಾನೆಲ್‌ಗಳನ್ನು ಆಂಟೆನಾ ಮೂಲಕವೇ ನೋಡೋಣವೆಂದು ಅಟ್ಟದಲ್ಲಿ ಒಂದು ಆಂಟೆನಾ ಇರಿಸಿದ್ದೇನೆ. ಅದರ ತಂತಿಯನ್ನು ನೇರವಾಗಿ ಹಾಲ್‌ನಲ್ಲಿರುವ ಟಿವಿಗೆ ಕೊಟ್ಟರೆ 4, 5, 8, 11, 13 ಎಲ್ಲವೂ ಬರುತ್ತವೆ. 8 ಮಾತ್ರ ಕೆಲವು ಸಂಜೆ ತಡವರಿಸುತ್ತದೆ. ಮನೆ ಕಟ್ಟುವಾಗಲೇ ಎಲ್ಲ ಕೋಣೆಗಳಿಗೂ ಕೊಯಾಕ್ಸ್ (ಟಿವಿ ಸಿಗ್ನಲ್ ಸಾಗಿಸುವ ದುಂಡನೆಯ) ಕೇಬಲ್ ಎಳೆದು, ಅವುಗಳ ತುದಿಗಳನ್ನು ಮೆಟ್ಟಿಲಿನ ಕೆಳಗಿರುವ ಪೆಟ್ಟಿಗೆಗೆ ತಂದು ಸೇರಿಸಿದ್ದಾರೆ. ಅಲ್ಲಿ ಮೊದಲಿನಿಂದಲೂ ಇದ್ದ ನಾಲ್ಕು ದಾರಿಯ ಸ್ಪ್ಲಿಟರ್‌ಗೆ ಆಂಟೆನಾ ತಂತಿಯನ್ನು ಜೋಡಿಸಿದಾಗ, 8ನೇ ಚಾನೆಲ್ ಯಾವ ಟಿವಿಯಲ್ಲಿಯೂ ನಿಲ್ಲುತ್ತಿಲ್ಲ, ಮಹಡಿಯ ಕೋಣೆಯಲ್ಲಿ 11 ಕೂಡ ಚೌಕಚೌಕವಾಗಿ ಒಡೆಯುತ್ತದೆ. ಪ್ರತಿ ಟಿವಿಯ ಹಿಂದೆ ಒಂದೊಂದು ಸಣ್ಣ ಬೂಸ್ಟರ್ ಹಾಕಿದರೆ ಸಾಕೇ, ಅಥವಾ ಕೋಣೆಗೊಂದು ಆಂಟೆನಾ ಇಡಬೇಕೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ತಂತಿಜಾಲ (ಪ್ಲೇನೋ)

ನಮಸ್ಕಾರ. ಕೋಣೆಗೊಂದು ಆಂಟೆನಾ ಬೇಡ, ಟಿವಿಯ ಹಿಂದಿನ ಬೂಸ್ಟರ್ ಅಂತೂ ಖಂಡಿತ ಬೇಡ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಸ್ಪ್ಲಿಟರ್ ಎಂದರೆ ಬಂದ ಸಿಗ್ನಲ್ಲನ್ನು ಹಂಚುವ ಸಾಧನ, ಅಷ್ಟೆ. ಎರಡು ದಾರಿಯದರಲ್ಲಿ ಪ್ರತಿ ಕವಲಿಗೆ ಸುಮಾರು 3.5 ಡೆಸಿಬಲ್ (ಸಿಗ್ನಲ್ ಬಲದ ಏರಿಳಿತವನ್ನು ಅಳೆಯುವ ಮಾನ), ನಾಲ್ಕು ದಾರಿಯದರಲ್ಲಿ ಸುಮಾರು 7, ಎಂಟು ದಾರಿಯದರಲ್ಲಿ ಸುಮಾರು 11 ಡೆಸಿಬಲ್ ನಷ್ಟವಾಗುತ್ತದೆ. 7 ಡೆಸಿಬಲ್ ನಷ್ಟ ಎಂದರೆ ಆಂಟೆನಾ ಹಿಡಿದ ಶಕ್ತಿಯ ಐದರಲ್ಲಿ ಒಂದು ಪಾಲು ಮಾತ್ರ ಒಂದೊಂದು ಟಿವಿಗೆ ಸಿಗುತ್ತದೆ ಎಂದರ್ಥ. ಇದರ ಮೇಲೆ ಆರ್‌ಜಿ-6 ಎಂಬ ಸಾಮಾನ್ಯ ಕೊಯಾಕ್ಸ್ ಕೇಬಲ್ಲು ಯುಎಚ್‌ಎಫ್ (ಹೆಚ್ಚು ಕಂಪನಾಂಕದ, ಚಿಕ್ಕ) ತರಂಗಗಳಲ್ಲಿ 100 ಅಡಿಗೆ ಸುಮಾರು 5 ಡೆಸಿಬಲ್ ನುಂಗುತ್ತದೆ. ಮಹಡಿಯ ಕೋಣೆಯ ತಂತಿಯೇ ಎಲ್ಲಕ್ಕಿಂತ ಉದ್ದವಾಗಿರಬಹುದು, ಅದಕ್ಕೇ 11 ಅಲ್ಲಿ ಮಾತ್ರ ಸೋಲುತ್ತಿದೆ. ಡಿಜಿಟಲ್ ಪ್ರಸಾರದಲ್ಲಿ ಹಳೆಯ ಟಿವಿಗಳಂತೆ ಚಿತ್ರ ಮೆಲ್ಲಗೆ ಮಸುಕಾಗುವುದಿಲ್ಲ. ಗದ್ದಲಕ್ಕಿಂತ (ಸಿಗ್ನಲ್ ಜೊತೆ ಬೆರೆಯುವ ಬೇಡದ ವಿದ್ಯುತ್ ಸದ್ದು) ಸಿಗ್ನಲ್ ಸುಮಾರು 15 ಡೆಸಿಬಲ್ ಮೇಲಿರುವವರೆಗೆ ಚಿತ್ರ ನಿಚ್ಚಳವಾಗಿರುತ್ತದೆ, ಅದರ ಕೆಳಗಿಳಿದರೆ ಏನೂ ಉಳಿಯುವುದಿಲ್ಲ. ನೇರ ಸಂಪರ್ಕದಲ್ಲಿಯೇ 8 ತಡವರಿಸುತ್ತಿದೆ ಎಂದರೆ ಅದು ಈಗಾಗಲೇ ಆ ಅಂಚಿನಲ್ಲಿದೆ. ಅಲ್ಲಿಂದ 7 ಡೆಸಿಬಲ್ ಕಳೆದರೆ ನಿಲ್ಲುವುದಾದರೂ ಹೇಗೆ?

8ರ ಕಥೆಯೇ ಬೇರೆ. ನಮ್ಮ ಊರಿನ 4, 5, 11, 13ನೇ ಚಾನೆಲ್‌ಗಳು ಪರದೆಯ ಮೇಲೆ ಆ ಸಂಖ್ಯೆಗಳನ್ನು ತೋರಿಸಿದರೂ ನಿಜವಾಗಿ ಯುಎಚ್‌ಎಫ್‌ನಲ್ಲಿ ಪ್ರಸಾರವಾಗುತ್ತವೆ. ನಿಮ್ಮ 8, ಅಂದರೆ ಎಬಿಸಿ ಜಾಲದ ಡಬ್ಲ್ಯುಎಫ್‌ಎಎ ನಿಲ್ದಾಣ ಮಾತ್ರ ಇಂದಿಗೂ ಕಡಿಮೆ ಕಂಪನಾಂಕದ ವಿಎಚ್‌ಎಫ್‌ನ 8ರಲ್ಲಿಯೇ, ಅಂದರೆ 180ರಿಂದ 186 ಮೆಗಾಹರ್ಟ್ಸ್‌ನಲ್ಲಿಯೇ ಉಳಿದಿದೆ. ಆ ತರಂಗದ ಅರ್ಧ ಉದ್ದವೇ ಸುಮಾರು 80 ಸೆಂಟಿಮೀಟರ್ ಆಗುವುದರಿಂದ, ಅಂಗೈಯಗಲದ ಚಪ್ಪಟೆ ಆಂಟೆನಾಗಳು ಡಬ್ಬಿಯ ಮೇಲೆ ಏನೇ ಬರೆದುಕೊಂಡಿದ್ದರೂ ಅದನ್ನು ಚೆನ್ನಾಗಿ ಹಿಡಿಯಲಾರವು. ನಿಮ್ಮ ಆಂಟೆನಾದಲ್ಲಿ ವಿಎಚ್‌ಎಫ್‌ಗೆಂದೇ ಉದ್ದನೆಯ ಕಡ್ಡಿಗಳಿವೆಯೇ ನೋಡಿ.

ಇನ್ನು ಬೂಸ್ಟರ್ ವಿಷಯ. ಸ್ಪ್ಲಿಟರ್ ಮತ್ತು ಉದ್ದದ ತಂತಿಯನ್ನು ದಾಟಿ ಸೊರಗಿದ ಸಿಗ್ನಲ್ಲನ್ನು ಟಿವಿಯ ಬಳಿ ಹಿಗ್ಗಿಸಿದರೆ ಅದರೊಂದಿಗೆ ಗದ್ದಲವೂ ಹಿಗ್ಗುತ್ತದೆ. ಸಂತೆಯ ನಡುವೆ ಧ್ವನಿಮುದ್ರಿಸಿಕೊಂಡ ಮಾತನ್ನು ಜೋರಾಗಿ ಕೇಳಿಸಿದಂತೆಯೇ ಸರಿ. ಆದ್ದರಿಂದ ಆಂಪ್ಲಿಫೈಯರ್ ನಷ್ಟಕ್ಕೆ ಮೊದಲೇ, ಅಂದರೆ ಆಂಟೆನಾದ ಪಕ್ಕದಲ್ಲಿಯೇ ಇರಬೇಕು. ಇದನ್ನು ಪ್ರಿಆಂಪ್ ಎನ್ನುತ್ತಾರೆ. ಕೊಳ್ಳುವಾಗ ಎಷ್ಟು ಹಿಗ್ಗಿಸುತ್ತದೆ ಎನ್ನುವುದಕ್ಕಿಂತ ಅದರ ನಾಯ್ಸ್ ಫಿಗರ್, ಅಂದರೆ ಅದು ತಾನೇ ಸೇರಿಸುವ ಗದ್ದಲ, ಎಷ್ಟು ಕಡಿಮೆ ಎಂಬುದನ್ನು ನೋಡಿ. ನಾಲ್ಕು ಟಿವಿಗಳಿಗೆ 15ರಿಂದ 20 ಡೆಸಿಬಲ್ ಸಾಕು.

ಒಂದು ಪ್ರಶ್ನೆ: ಅಟ್ಟದಲ್ಲಿ ಮಾಡಿನ ಹಲಗೆಗಳ ಒಳಮೈಗೆ ಬೆಳ್ಳಿಯ ಬಣ್ಣದ ಹಾಳೆ ಅಂಟಿಸಿದೆಯೇ?

ಮರುಪ್ರಶ್ನೆ: ಮಲೆನಾಡಿಗ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು ಸರ್. ಹೌದು, ಮಾಡಿನ ಒಳಭಾಗವೆಲ್ಲ ಬೆಳ್ಳಿಯ ಬಣ್ಣದ ಹಾಳೆಯೇ. ಆಂಟೆನಾದಲ್ಲಿ ಉದ್ದನೆಯ ಕಡ್ಡಿಗಳಿವೆ. ಮಾಡಿನ ಮೇಲೆ ಇಡೋಣವೆಂದರೆ ನಮ್ಮ ಬಡಾವಣೆಯ ಎಚ್‌ಒಎ (ಮನೆಮಾಲೀಕರ ಸಂಘ) ನಿಯಮಗಳಲ್ಲಿ ಹೊರಗೆ ಆಂಟೆನಾ ಕಾಣಿಸಕೂಡದೆಂದು ಬರೆದಿದೆ.

ಉತ್ತರ: ಹೇಮಾವತಿ (ಅರ್ವಿಂಗ್)

ಆ ಹಾಳೆ ಬಿಸಿಲಿನ ಕಾವನ್ನು ತಡೆಯಲೆಂದು ಹಾಕಿದ ಅಲ್ಯೂಮಿನಿಯಂ. ಟೆಕ್ಸಸ್‌ನ ಹೊಸ ಮನೆಗಳಲ್ಲಿ ಇದು ಸಾಮಾನ್ಯ. ಕಾವಿನಂತೆಯೇ ಟಿವಿ ತರಂಗಗಳನ್ನೂ ಅದು ಹಿಂದಕ್ಕೆ ತಳ್ಳುವುದರಿಂದ, ನಿಮ್ಮ ಆಂಟೆನಾ ಲೋಹದ ಡಬ್ಬಿಯೊಳಗೆ ಕುಳಿತಿದೆ ಎಂದೇ ತಿಳಿಯಿರಿ. ಗೋಡೆಯ ಕಡೆಯಿಂದ ನುಸುಳಿ ಬಂದಷ್ಟೇ ನಿಮಗೆ ಸಿಗುತ್ತಿರಬೇಕು. ಪ್ರಿಆಂಪ್‌ಗೆ ಹಣ ಹಾಕುವ ಮೊದಲು ಆಂಟೆನಾವನ್ನು ಹೊರಗೆ ತನ್ನಿ.

ಎಚ್‌ಒಎಗೆ ಹೆದರಬೇಕಾಗಿಲ್ಲ. ಅಮೆರಿಕದ ಪ್ರಸಾರ-ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯು 1996ರಲ್ಲಿ ತಂದ ಒಟಾರ್ಡ್ ನಿಯಮದ ಪ್ರಕಾರ, ನೀವೊಬ್ಬರೇ ಬಳಸುವ ಜಾಗದಲ್ಲಿ ಸ್ಥಳೀಯ ಪ್ರಸಾರದ ಟಿವಿ ಆಂಟೆನಾ ಇಡುವುದನ್ನು ಅವರು ನಿಷೇಧಿಸುವಂತಿಲ್ಲ. ಸಿಗ್ನಲ್‌ಗೆ ಅಡ್ಡಿಯಾಗದಿದ್ದರೆ ಮನೆಯ ಹಿಂಬದಿಯಲ್ಲಿ ಇಡಿ ಎಂದು ಕೇಳಬಹುದು, ಅಷ್ಟೆ. ಸ್ವಂತ ಮನೆಯವರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಅಪಾರ್ಟ್‌ಮೆಂಟಿನ ಎಲ್ಲರಿಗೂ ಸೇರಿದ ಮಾಡಿಗೆ ಅನ್ವಯಿಸದು.

ಇಲ್ಲಿನ ದೊಡ್ಡ ನಿಲ್ದಾಣಗಳ ಗೋಪುರಗಳೆಲ್ಲ ಡಲ್ಲಾಸ್‌ನ ನೈರುತ್ಯದ ಸೀಡರ್ ಹಿಲ್‌ನಲ್ಲಿವೆ. ಫ್ರಿಸ್ಕೋದಿಂದ ಸುಮಾರು 40 ಮೈಲಿ. ಆದ್ದರಿಂದ ಆಂಟೆನಾದ ಮುಖ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿರಲಿ. ಎಲ್ಲವೂ ಒಂದೇ ದಿಕ್ಕಿನಲ್ಲಿರುವುದು ನಮ್ಮ ಪುಣ್ಯ. ಹಲವು ಊರುಗಳಲ್ಲಿ ಈ ಅನುಕೂಲವಿಲ್ಲ.

ಹೊರಗಿಟ್ಟ ಮೇಲೆ ಅರ್ಥಿಂಗ್ ಕಡ್ಡಾಯ. ಆಂಟೆನಾದ ಕಂಬವನ್ನೂ ಕೊಯಾಕ್ಸ್‌ನ ಹೊರಕವಚವನ್ನೂ 10 ಗೇಜ್ ತಾಮ್ರದ ತಂತಿಯಿಂದ ಮನೆಯ ವಿದ್ಯುತ್ ಅರ್ಥಿಂಗ್‌ಗೆ ಸೇರಿಸಬೇಕು. ಬೇರೆ ಕಡ್ಡಿಯೊಂದನ್ನು ನೆಲಕ್ಕೆ ಹೊಡೆದು ಅದನ್ನು ಮನೆಯ ಅರ್ಥಿಂಗ್‌ಗೆ ಜೋಡಿಸದೆ ಬಿಡುವುದು, ಏನೂ ಮಾಡದಿರುವುದಕ್ಕಿಂತ ಹೆಚ್ಚು ಅಪಾಯಕಾರಿಯಾಗಬಹುದು. ಇದು ಕೈಗೂಡದೆಂದಾದರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಯಿರಿ.

ಉತ್ತರ: ಸಹ್ಯಾದ್ರಿ (ಆಸ್ಟಿನ್)

ಇನ್ನೊಂದು ದಾರಿಯೂ ಇದೆ. ಎಚ್‌ಡಿ ಹೋಮ್‌ರನ್‌ನಂತಹ ಪೆಟ್ಟಿಗೆಗೆ ಆಂಟೆನಾ ತಂತಿಯನ್ನು ಒಮ್ಮೆ ಕೊಟ್ಟರೆ, ಅದು ಚಾನೆಲ್‌ಗಳನ್ನು ಮನೆಯ ನೆಟ್‌ವರ್ಕ್ ಮೂಲಕ ಎಲ್ಲ ಟಿವಿಗಳಿಗೂ ಕಳುಹಿಸುತ್ತದೆ. ಹೊರಗಿನ ಸ್ಪ್ಲಿಟರ್ ಬೇಕಾಗುವುದಿಲ್ಲ. ಪೆಟ್ಟಿಗೆಯೊಳಗೆ ಚಾನೆಲ್ ಹಿಡಿಯುವ ಟ್ಯೂನರ್‌ಗಳು ಎಷ್ಟಿವೆಯೋ ಅಷ್ಟೇ ಟಿವಿಗಳು ಏಕಕಾಲಕ್ಕೆ ನಡೆಯುತ್ತವೆ. ಒಂದು ಪ್ರಸಾರವೇ ಸೆಕೆಂಡಿಗೆ 19 ಮೆಗಾಬಿಟ್‌ವರೆಗೆ ಹೋಗುವುದರಿಂದ ಪೆಟ್ಟಿಗೆಯನ್ನು ರೌಟರ್‌ಗೆ ವೈಫೈ ಬದಲು ತಂತಿಯಲ್ಲಿಯೇ ಜೋಡಿಸಬೇಕು. ಎಟಿಎಸ್‌ಸಿ 3.0 ಎಂಬ ಹೊಸ ಪ್ರಸಾರವನ್ನು ಹಲವು ನಿಲ್ದಾಣಗಳು ಗೂಢಲಿಪಿಯ ಬೀಗ ಹಾಕಿಯೇ ಕಳುಹಿಸುತ್ತಿರುವುದರಿಂದ, ಅದಕ್ಕಾಗಿ ಹೆಚ್ಚು ಬೆಲೆಯ ಮಾದರಿ ಕೊಳ್ಳುವ ಮುನ್ನ ಯೋಚಿಸಿ. ಕೋಣೆಕೋಣೆಗೂ ಕೊಯಾಕ್ಸ್ ಇರುವ ನಿಮ್ಮ ಮನೆಗೆ ಇದು ಅನಿವಾರ್ಯವೆಂದು ನನಗನಿಸುವುದಿಲ್ಲ.

ಉತ್ತರ: ತಂತಿಜಾಲ

ಹೇಮಾವತಿಯವರ ಸಲಹೆಯಂತೆ ಮೊದಲು ಹೊರಗಿಟ್ಟು, ಒಂದೇ ಟಿವಿಗೆ ನೇರವಾಗಿ ಜೋಡಿಸಿ 8ನ್ನು ಪರೀಕ್ಷಿಸಿ. ಅದು ಗಟ್ಟಿಯಾಗಿ ನಿಂತ ಮೇಲೆ ಸ್ಪ್ಲಿಟರ್, ಆ ಮೇಲೂ ಕೊರತೆಯಿದ್ದರೆ ಮಾತ್ರ ಪ್ರಿಆಂಪ್.

ಪ್ರಿಆಂಪ್ ಹಾಕುವುದಾದರೆ ಅದಕ್ಕೆ ವಿದ್ಯುತ್ತು ಅದೇ ಕೊಯಾಕ್ಸ್‌ನಲ್ಲಿ ಮೇಲಕ್ಕೆ ಹೋಗಬೇಕು. ಪವರ್ ಇನ್ಸರ್ಟರ್ ಎಂಬ ಆ ಸಣ್ಣ ಭಾಗವನ್ನು ಮೆಟ್ಟಿಲಿನ ಕೆಳಗಿನ ಪೆಟ್ಟಿಗೆಯಲ್ಲಿ, ಆಂಟೆನಾ ತಂತಿ ಮತ್ತು ಸ್ಪ್ಲಿಟರ್ ನಡುವೆ ಹಾಕಿ. ಸ್ಪ್ಲಿಟರ್‌ನ ಕೆಳಗೆ, ಯಾವುದೋ ಕೋಣೆಯಲ್ಲಿ ಹಾಕಿದರೆ ಬಹುತೇಕ ಸ್ಪ್ಲಿಟರ್‌ಗಳು ವಿದ್ಯುತ್ತನ್ನು ಮೇಲಕ್ಕೆ ಬಿಡುವುದಿಲ್ಲ. ವಿದ್ಯುತ್ ಸಿಗದ ಪ್ರಿಆಂಪ್ ಸಿಗ್ನಲ್ಲನ್ನೇ ತಡೆಯುತ್ತದೆ.

ಹಳೆಯ ಸ್ಪ್ಲಿಟರ್ ಮೇಲೆ 5ರಿಂದ 1000 ಮೆಗಾಹರ್ಟ್ಸ್ ಎಂದಿದ್ದರೆ ಅದನ್ನೇ ಬಳಸಬಹುದು. 950ರಿಂದ 2150 ಎಂದಿದ್ದರೆ ಅದು ಡಿಶ್‌ಗೆ ಮಾತ್ರ ಆಗುವಂಥದ್ದು. ಕೇಬಲ್ ಕಂಪನಿಯ ಬೀದಿಯ ತಂತಿ ಆ ಪೆಟ್ಟಿಗೆಯಲ್ಲಿ ಎಲ್ಲಿಯೂ ಸೇರಿಕೊಂಡಿರಬಾರದು. ಮೂರೇ ಟಿವಿ ಸಾಕೆಂದಾದರೆ ಮೂರು ದಾರಿಯದನ್ನು ತನ್ನಿ: ಅಂಥ ಹಲವು ಸ್ಪ್ಲಿಟರ್‌ಗಳಲ್ಲಿ ಒಂದು ಕವಲಿಗೆ 3.5 ಡೆಸಿಬಲ್, ಉಳಿದೆರಡಕ್ಕೆ 7 ಎಂದು ಬರೆದಿರುತ್ತದೆ. ಕಡಿಮೆ ನಷ್ಟದ ಕವಲನ್ನು ಮಹಡಿಯ ಉದ್ದನೆಯ ತಂತಿಗೆ ಕೊಡಿ. ಖಾಲಿ ಉಳಿದ ಕವಲಿಗೆ 75 ಓಮ್ ಮುಚ್ಚಳವನ್ನು ತಿರುಗಿಸಿ ಹಾಕಿ. ಎಲ್ಲ ಮುಗಿದ ಮೇಲೆ ಪ್ರತಿ ಟಿವಿಯಲ್ಲಿಯೂ ಚಾನೆಲ್ ಸ್ಕ್ಯಾನ್ ಮತ್ತೊಮ್ಮೆ ಮಾಡಬೇಕಾಗುತ್ತದೆ.