ಮಾತು ಕಮ್ಮಿ ಇರೋರು ಪರಿಚಯ ಬೆಳೆಸಿಕೊಂಡಿದ್ದು ಹೇಗೆ? ಅನುಭವ ಹೇಳಿ

ಟೆಸ್ಟಿಂಗ್ ಹುಡುಗ:
ಏಳು ವರ್ಷ ಒಂದೇ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಹೋದ ತಿಂಗಳು ನಮ್ಮ ಟೀಮನ್ನೇ ತೆಗೆದರು. ಈಗ ಎಲ್ಲಿ ವಿಚಾರಿಸಿದರೂ "ಒಳಗಿನವರು ಯಾರಾದರೂ ರೆಫರ್ ಮಾಡ್ತಾರಾ" ಅಂತಾರೆ. ಬೆಂಗಳೂರಲ್ಲಿ ಆಫೀಸಿನ ಹೊರಗೆ ನನಗೆ ನಾಲ್ಕು ಜನ ಗೊತ್ತಿಲ್ಲ. ಮೀಟಪ್‌ಗೆ ಹೋದರೆ ಗೋಡೆ ಪಕ್ಕ ಫೋನ್ ನೋಡ್ತಾ ನಿಂತು ವಾಪಸ್ ಬರ್ತೀನಿ. ನೀವೆಲ್ಲ ಹೇಗೆ ಮಾಡಿದಿರಿ?

ಪೀಣ್ಯ ವರ್ಕ್‌ಶಾಪ್:
ದುಡ್ಡು ಕಟ್ಟಿ ಸೇರಿ ಒಬ್ಬರಿಗೊಬ್ಬರು ಗಿರಾಕಿ ಕಳಿಸುವ ಬೆಳಗಿನ ರೆಫರಲ್ ಗುಂಪುಗಳ ಹತ್ತಿರ ಮಾತ್ರ ಹೋಗಬೇಡಿ. ಕೈ ಸುಟ್ಟುಕೊಂಡವನು ಹೇಳ್ತಿದ್ದೀನಿ. ವರ್ಷದ ಫೀಸು 42,000. ವಾರವಾರ ಹೋಟೆಲ್ ತಿಂಡಿಗೆ 650, ಹೋಗದಿದ್ದರೂ ಕೊಡಬೇಕು, 50 ವಾರಕ್ಕೆ 32,500 ಆಯಿತು. ಬ್ಲೇಜರ್ 6,800. ಒಟ್ಟು 81,300. ಒಂದು ನಿಮಿಷ ನಿಂತು ಪರಿಚಯ ಹೇಳಬೇಕು ಅಂತ ಹಿಂದಿನ ರಾತ್ರಿ ನಿದ್ದೆ ಬರ್ತಿರಲಿಲ್ಲ. ವರ್ಷಕ್ಕೆ ಬಂದಿದ್ದು ಎರಡೇ ಎನ್‌ಕ್ವೈರಿ. ಅದರಲ್ಲಿ ಒಂದು ಮನೆ ಗೇಟಿನ ವೆಲ್ಡಿಂಗ್. ನಾನು ಮಾಡೋದು ಸಿಎನ್‌ಸಿ ಟರ್ನಿಂಗ್, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ನಲ್ಲಿ ಲೋಹ ಕಡೆಯೋದು!

ಕೈ ಹಿಡಿದಿದ್ದು 2023ರ ಜನವರಿಯ ಇಮ್‌ಟೆಕ್ಸ್, ಮೆಷಿನ್‌ಗಳ ದೊಡ್ಡ ಪ್ರದರ್ಶನ. ಅದು ನಡೆಯುವ ಬಿಐಇಸಿ ಪ್ರದರ್ಶನ ಕೇಂದ್ರಕ್ಕೆ ಹೋಗುವಾಗ ನಾನೇ ಮಾಡಿದ ಹಿತ್ತಾಳೆ ಬುಷ್ (ಕೊಳವೆಯಂಥ ಬಿಡಿಭಾಗ) ಒಂದನ್ನ ಜೇಬಿಗೆ ಹಾಕಿಕೊಂಡಿದ್ದೆ. ಒಂದು ಸ್ಟಾಲಲ್ಲಿ ಮೆಷಿನ್ ಓಡ್ತಿತ್ತು, ಕಡೆದ ಲೋಹದ ಚೂರು, ಚಿಪ್ಸ್, ಹೇಗೆ ಬೀಳ್ತಿದೆ ಅಂತ ನೋಡ್ತಾ ನಿಂತೆ. ಪಕ್ಕದವರೂ ಅದನ್ನೇ ನೋಡ್ತಿದ್ದರು. ಏನು ಮಾತಾಡೋದು ಗೊತ್ತಾಗದೆ ಬುಷ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದರು, ಒಳಗೆ ಉಗುರು ಆಡಿಸಿದರು. "ಬೋರ್ ಎಷ್ಟರೊಳಗೆ ಹಿಡಿದಿದ್ದೀರಿ?" ಅಂದರು, ಒಳಗಿನ ತೂತಿನ ಅಳತೆ ಎಷ್ಟು ಕರಾರುವಾಕ್ಕು ಅಂತ. "ಹತ್ತು ಮೈಕ್ರಾನ್" ಅಂದೆ. ಮುಕ್ಕಾಲು ಗಂಟೆ ಮಾತಾಡಿದೆವು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಬುಷ್ ಮೇಲಿತ್ತು, ಅದಕ್ಕೇ ನನಗೆ ಮಾತು ಬಂತು. ಇವತ್ತಿಗೂ ತಿಂಗಳಿಗೆ 4,000 ಪೀಸ್ ಅವರದ್ದೇ ಆರ್ಡರ್.

ಮೈಸೂರಿನ ಎಚ್‌ಆರ್:
ಪೀಣ್ಯ ಸರ್, ಒಂದು ನಿಮಿಷ ಮಾತಾಡೋಕೆ ನಿದ್ದೆಗೆಟ್ಟಿರಿ ಅಂದಮೇಲೆ ಆ ಭಯವನ್ನೇ ಮೊದಲು ಕಳೆದುಕೊಳ್ಳಬೇಕಿತ್ತು ಅಲ್ವಾ? ನಾನು ಭಾಷಣ ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಸೇರಿದೆ. ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಇದೆ, ಆ ಕ್ಷಣಕ್ಕೆ ಕೊಟ್ಟ ವಿಷಯದ ಮೇಲೆ ಒಂದರಿಂದ ಎರಡು ನಿಮಿಷ ಮಾತಾಡಬೇಕು. ಮೊದಲ ದಿನ, ಒಂದು ನಿಮಿಷ ಆಯಿತು ಅಂತ ತೋರಿಸುವ ಹಸಿರು ಕಾರ್ಡ್ ಏಳುವ ಮುಂಚೆಯೇ ಕೂತುಬಿಟ್ಟೆ. "ಆ..." ಅಂದಿದ್ದು, "ಅಂದರೆ" ಅಂದಿದ್ದು ಎಲ್ಲ ಎಣಿಸೋಕೇ ಒಬ್ಬರು ಇರ್ತಾರೆ. ನನ್ನದು 23 ಇತ್ತು. ಎಂಟು ತಿಂಗಳಲ್ಲಿ 4ಕ್ಕೆ ಬಂತು. ಇವತ್ತು ಕೆಲಸಕ್ಕೆ ಹೊಸದಾಗಿ ಸೇರಿದ ಇನ್ನೂರು ಜನರ ಮುಂದೆ ಇಂಡಕ್ಷನ್ ನಡೆಸ್ತೀನಿ. ಅರ್ಧಕ್ಕೆ ಬಿಟ್ಟವರು ಬೇರೆಯವರಿಗೆ "ಹೋಗಬೇಡಿ" ಅನ್ನೋದು ಸರಿಯಲ್ಲ.

ಪೀಣ್ಯ ವರ್ಕ್‌ಶಾಪ್:
ಅರ್ಧಕ್ಕೆ ಬಿಟ್ಟಿಲ್ಲ ಮೇಡಂ. ಇಡೀ ವರ್ಷ ಹೋಗಿದ್ದೀನಿ, ರಸೀದಿ ಇವೆ. ನಿಮಗೆ ಸಂಬಳ ಬರುತ್ತೆ. ನಾನು ಬೆಳಗ್ಗೆ ಆ ಗುಂಪಲ್ಲಿ ಕೂತರೆ ಇಲ್ಲಿ ಮೆಷಿನ್ ನಿಂತಿರುತ್ತೆ.

ಹುಬ್ಬಳ್ಳಿ ಸಿಎ:
ವೇದಿಕೆ ಮೇಲೆ ಮಾತಾಡೋದು ಬೇರೆ, ಟೀ ಬ್ರೇಕಲ್ಲಿ ಮಾತಾಡೋದು ಬೇರೆ ನೋಡ್ರಿ. ನಾನು ಜಿಎಸ್‌ಟಿ ಬಗ್ಗೆ ಒಂದು ತಾಸು ಹೇಳ್ತೀನಿ. ಆಮೇಲೆ ಬಟ್ಟಲು ಹಿಡಕೊಂಡು ಯಾರ ಹತ್ತಿರ ನಿಲ್ಲಬೇಕು ಅಂತ ಗೊತ್ತಾಗಲ್ಲ. ಪ್ರಾಕ್ಟೀಸ್ ಮಾಡುವ, 60 ವಯಸ್ಸಿನೊಳಗಿನ ಸಿಎಗಳಿಗೆ 3 ವರ್ಷಕ್ಕೆ 120 ಸಿಪಿಇ (ವೃತ್ತಿ ಕಲಿಕೆಯ) ಗಂಟೆ ಆಗಲೇಬೇಕು, ಹಾಗಾಗಿ ಸೆಮಿನಾರ್ ತಪ್ಪಿಸೋಕಾಗಲ್ಲ. ಮೂರು ವರ್ಷ ಕೊನೆಯ ಸಾಲಲ್ಲಿ ಕೂತು ಸುಮ್ನೆ ಎದ್ದು ಬಂದೆ. ಆಮೇಲೆ ರಿಜಿಸ್ಟ್ರೇಷನ್ ಟೇಬಲ್‌ನಲ್ಲಿ ನಾನೇ ಕೂರ್ತೀನಿ ಅಂತ ಕೇಳಿಕೊಂಡೆ. ಅಲ್ಲಿ ಕೂತರೆ ಜನ ತಾವಾಗೇ ಬಂದು ಹೆಸರು ಹೇಳ್ತಾರೆ. ಬ್ಯಾಡ್ಜ್, ಪೆನ್ನು ಕೊಡೋದಷ್ಟೇ ಕೆಲಸ. ನಾಲ್ಕನೇ ಸೆಮಿನಾರ್‌ಗೆ ಅವರೇ ನನ್ನ ಹೆಸರು ಹಿಡಿದು ಕರೆದರು. ಎರಡು ಆಡಿಟ್ ಬಂದಿದ್ದು ಆ ಟೇಬಲ್‌ನಿಂದಲೇ.

ಮೈಸೂರಿನ ಎಚ್‌ಆರ್:
ಟೇಬಲ್ ಹಿಂದೆ ಬಚ್ಚಿಟ್ಟುಕೊಂಡರೆ ಸ್ವಭಾವ ಬದಲಾಗುತ್ತಾ ಸರ್?

ಹುಬ್ಬಳ್ಳಿ ಸಿಎ:
ನನ್ನ ಸ್ವಭಾವ ಯಾಕೆ ಬದಲಾಗಬೇಕು ಮೇಡಂ? ಅದರಲ್ಲಿ ಏನು ತಪ್ಪಿದೆ? ಕೆಲಸ ಆದರೆ ಸಾಕು.

ಮತ್ತೆ ಕೆಲಸ ಸಿಕ್ಕವನು:
ಕೇಳಿದ್ದು ಕೆಲಸದ ಬಗ್ಗೆ, ನೀವೆಲ್ಲ ಆರ್ಡರ್, ಆಡಿಟ್ ಅಂತಿದ್ದೀರಿ. ನಾನೂ ಕೆಲಸ ಕಳೆದುಕೊಂಡವನು. ಗೊತ್ತಿಲ್ಲದ 180 ಜನಕ್ಕೆ ಮೆಸೇಜ್ ಹಾಕಿದೆ, ಎಲ್ಲ ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೀನಿ. ಉತ್ತರ 11. ಫೋನ್ 2. ಇಂಟರ್‌ವ್ಯೂ ಒಂದೂ ಇಲ್ಲ. ಕೊನೆಗೆ ದಾರಿ ಕಾಣದೆ ಹಳೇ ಕಂಪನಿ ಬಿಟ್ಟುಹೋದವರ ಹೆಸರು ಬರೆಯುತ್ತಾ ಕೂತೆ. 26 ಆಯಿತು. ಕೆಲಸ ಕೊಡಿ ಅಂತ ಕೇಳಲಿಲ್ಲ. ಒಬ್ಬರಿಗೆ "ನೀವು ಬರೆದ ಆ ಸ್ಕ್ರಿಪ್ಟನ್ನ ನಾನು ಹೊರಗೆ ಬರುವವರೆಗೂ ಓಡಿಸ್ತಿದ್ದೆ" ಅಂತ ಹಾಕಿದೆ. ಹೀಗೆ ಒಬ್ಬೊಬ್ಬರಿಗೂ ನಿಜವಾಗಿ ನೆನಪಿದ್ದದ್ದು. 19 ಜನ ಉತ್ತರ ಕೊಟ್ಟರು. ಸ್ಕ್ರಿಪ್ಟ್ ಬರೆದವರೇ ರೆಫರ್ ಮಾಡಿದರು.

ಪೀಣ್ಯ ವರ್ಕ್‌ಶಾಪ್:
ಮೆಸೇಜ್ ಸರಿ ತಮ್ಮಾ, ಆದರೆ ಎದುರಿಗೆ ಸಿಗಬೇಕು. ಮುಂದಿನ ಇಮ್‌ಟೆಕ್ಸ್‌ಗೆ ಎಲ್ಲರೂ ಬನ್ನಿ.

ಹುಬ್ಬಳ್ಳಿ ಸಿಎ:
ಟೆಸ್ಟಿಂಗ್ ಹುಡುಗ ಅಲ್ಲಿ ಬಂದು ಏನು ಮಾಡ್ತಾನೆ ಸರ್?

ಟರ್ನರ್ ಮಗ:
ಅಲ್ಲದೆ ಇಮ್‌ಟೆಕ್ಸ್‌ನಲ್ಲಿ ಲೋಹ ಕಡೆಯುವ ಕಟಿಂಗ್ ಮೆಷಿನ್ ಇರೋದು ಬೆಸ ವರ್ಷ. ಸಮ ವರ್ಷದಲ್ಲಿ ಫಾರ್ಮಿಂಗ್, ಅಂದರೆ ಲೋಹ ಬಗ್ಗಿಸಿ ಒತ್ತುವ ಮೆಷಿನ್.

ಪೀಣ್ಯ ವರ್ಕ್‌ಶಾಪ್:
ಗೊತ್ತು. ಎರಡಕ್ಕೂ ಹೋಗ್ತೀನಿ. ಆಗ ನಾಗಸಂದ್ರ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದರೆ ಬಿಐಇಸಿಗೆ ಆಟೋದವರು 200 ಕೇಳ್ತಿದ್ದರು.

ಟರ್ನರ್ ಮಗ:
2024ರ ನವೆಂಬರ್‌ನಿಂದ ಬಿಐಇಸಿ ಪಕ್ಕದ ಮಾದಾವರದವರೆಗೂ ಮೆಟ್ರೊ ಇದೆ. ಆಟೋ ಬೇಕಾಗಲ್ಲ.

ಟೆಸ್ಟಿಂಗ್ ಹುಡುಗ:
ಬಿಟ್ಟುಹೋದವರ ಹೆಸರು ಬರೆಯುತ್ತಿದ್ದೀನಿ. 14 ಆಯಿತು.