ಅಪ್‌ಡೇಟ್: ಪಿಜಿ_ವಾಲ್ ಉಬ್ಬುತ್ತಿದ್ದುದರ ಕಾರಣ ಸಿಕ್ಕಿತು

ಮೊದಲು ಕೇಳಿದ್ದು ಇಷ್ಟೇ: ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೀ 40 ಜಿಬಿ, ಆದರೂ ಪ್ರೈಮರಿ (ಮುಖ್ಯ) ಸರ್ವರಿನ ಪಿಜಿ_ವಾಲ್ ಫೋಲ್ಡರ್ (ಡೇಟಾದ ಬದಲಾವಣೆಗಳನ್ನು ಮೊದಲು ಬರೆದಿಡುವ 'ರೈಟ್-ಅಹೆಡ್ ಲಾಗ್', ಅಂದರೆ ವಾಲ್, ಫೈಲುಗಳ ಜಾಗ) ಡಿಸ್ಕನ್ನೇ ನುಂಗುತ್ತಿದೆ, ಯಾಕೆ?

ಕೆಲವರು ಆರ್ಕೈವ್_ಕಮಾಂಡ್ (ವಾಲ್ ಫೈಲುಗಳನ್ನು ಬೇರೆಡೆ ನಕಲಿಸಿಡುವ ಆದೇಶ) ಮೇಲೆ ಅನುಮಾನಪಟ್ಟಿದ್ದಿರಿ. ಅನುಮಾನ ಸರಿಯಾದದ್ದೇ, ಅದು ಸೋತರೂ ಲಕ್ಷಣ ಇದೇ. ಆದರೆ ಪಿಜಿ_ಸ್ಟ್ಯಾಟ್_ಆರ್ಕೈವರ್‌ನಲ್ಲಿ ಫೇಲ್ಡ್_ಕೌಂಟ್, ಅಂದರೆ ಸೋತ ಸಲಗಳ ಲೆಕ್ಕ, ಸೊನ್ನೆ ಇತ್ತು.

ತಪ್ಪು ಇದ್ದದ್ದು ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ನಲ್ಲಿ. ಹಳೆಯ ರೆಪ್ಲಿಕಾ (ಪ್ರೈಮರಿಯ ನಕಲು ಸರ್ವರ್) ತೆಗೆದಿದ್ದರೂ ಅದರ ಸ್ಲಾಟ್ (ಅದಕ್ಕೆ ಯಾವ ಬಿಂದುವಿನಿಂದ ವಾಲ್ ಬೇಕು ಎಂದು ಪ್ರೈಮರಿ ಇಟ್ಟುಕೊಳ್ಳುವ ಗುರುತು) ಹಾಗೇ ಉಳಿದಿತ್ತು. ಆಕ್ಟಿವ್ ಕಾಲಮ್‌ನಲ್ಲಿ 'ಎಫ್' (ಬಳಕೆಯಲ್ಲಿಲ್ಲ), ಆ ಬಿಂದುವನ್ನು ಹೇಳುವ ರೀಸ್ಟಾರ್ಟ್_ಎಲ್‌ಎಸ್‌ಎನ್ ನಿಂತಲ್ಲೇ ನಿಂತಿದೆ. ಆ ಬಿಂದುವಿನಿಂದ ಈಚೆಗಿನ 16 ಎಂಬಿ ಫೈಲುಗಳಲ್ಲಿ ಒಂದನ್ನೂ ಸರ್ವರ್ ಅಳಿಸುವುದಿಲ್ಲ. ಬಾರದ ನೆಂಟರಿಗೆ ಬಾಗಿಲು ತೆರೆದಿಟ್ಟು ಕೂತ ಹಾಗೆ.

ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್ ಫಂಕ್ಷನ್‌ಗೆ ಸ್ಲಾಟ್ ಹೆಸರು ಕೊಟ್ಟು ತೆಗೆದು, ಚೆಕ್‌ಪಾಯಿಂಟ್ (ಬದಲಾವಣೆಗಳನ್ನು ಡೇಟಾ ಫೈಲುಗಳಿಗೆ ಬರೆದು ಮುಗಿಸುವ ಹಂತ) ಓಡಿಸಿದ ಮೇಲೆ ಜಾಗ ಬಿಟ್ಟುಕೊಟ್ಟಿತು. ಆ ಫೋಲ್ಡರಿನ ಫೈಲುಗಳನ್ನು ಕೈಯಾರೆ ಅಳಿಸಲು ಮಾತ್ರ ಹೋಗಬೇಡಿ. ಕ್ರ್ಯಾಶ್ ಆದರೆ ಚೇತರಿಸಿಕೊಳ್ಳಲು ಬೇಕಾದದ್ದೇ ಅವು. ಹೆಸರು 'ಲಾಗ್' ಎಂದಾದರೂ ಬಿಸಾಡುವ ಲಾಗ್ ಅಲ್ಲ.

ಮುಂದಕ್ಕೆ ತಡೆ: ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ (ಸ್ಲಾಟ್‌ಗಳಿಗಾಗಿ ಉಳಿಸಿಡುವ ವಾಲ್‌ನ ಮಿತಿ) ಈಗ 20 ಜಿಬಿ. ಆವೃತ್ತಿ 13ರಿಂದ ಇದೆ, ಡಿಫಾಲ್ಟ್ -1, ಅಂದರೆ ಮಿತಿಯೇ ಇಲ್ಲ. ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ. ಇದಕ್ಕೂ ಬೆಲೆ ಇದೆ: ಮಿತಿ ಮೀರಿ ಹಿಂದೆ ಬಿದ್ದ ರೆಪ್ಲಿಕಾದ ಸ್ಲಾಟ್ 'ಲಾಸ್ಟ್' ಆಗುತ್ತದೆ. ಬೇಕಾದ ವಾಲ್ ಫೈಲುಗಳು ಆರ್ಕೈವ್‌ನಲ್ಲೂ ಇಲ್ಲದಿದ್ದರೆ ಪಿಜಿ_ಬೇಸ್‌ಬ್ಯಾಕಪ್‌ನಿಂದ (ಸರ್ವರಿನ ಪೂರ್ತಿ ನಕಲು ತೆಗೆಯುವ ಸಾಧನ) ರೆಪ್ಲಿಕಾವನ್ನು ಮತ್ತೆ ಕಟ್ಟಬೇಕು. ಪ್ರೈಮರಿ ನಿಲ್ಲುವುದಕ್ಕಿಂತ ಅದೇ ವಾಸಿ.