ಗಾಂಧಿ ಬಜಾರಿನ ಅಂಗಡಿಯ ಹಳೆಯ ಅಲಾರಂ: ಇರಲೋ, ಕೀಳಿಸಲೋ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಕನ್ನಡ ಲಿಪಿಯಲ್ಲೇ, ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ದೊಡ್ಡಪ್ಪನವರ ಕಟ್ಟಪ್ಪಣೆ. ನಾನು ಹಾಕಿದ ಎರಡು ಚಿತ್ರಗಳ ಸುತ್ತ ನಡೆದ ವಾದವನ್ನು, ಶುಭೋದಯದ ಹೂವುಗಳನ್ನು ಬಿಟ್ಟು, ಇಲ್ಲಿ ಇಟ್ಟಿದ್ದೇನೆ.

ನಾನು: ಮೊದಲನೆಯ ಚಿತ್ರ ನಾವು ಪೂಜಾ ಸಾಮಗ್ರಿಯ ಅಂಗಡಿ ತೆರೆಯಲಿರುವ ಮಳಿಗೆಯದು. ಹಿಂದೆ ಅಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದವರು ತಮ್ಮ ಕಳ್ಳರ ಅಲಾರಂ ಅನ್ನು ಹಾಗೆಯೇ ಬಿಟ್ಟುಹೋಗಿದ್ದಾರೆ. ಗೋಡೆಗೆ ಎಲ್ಲವನ್ನೂ ನಡೆಸುವ ಪ್ಯಾನಲ್, ಬಾಗಿಲ ಬಳಿ ಕೀಪ್ಯಾಡ್, ಒಳಗೆ ಎರಡು ಸೆನ್ಸರ್, ಶಟರಿಗೆ ಒಂದು ಅಯಸ್ಕಾಂತದ ಸ್ವಿಚ್, ಹೊರಗೆ ಹೂಟರ್, ಅಲಾರಂ ಕೂಗಿದಾಗ ಮೊಬೈಲಿಗೆ ಕರೆ ಮಾಡುವ ಒಂದು ಪೆಟ್ಟಿಗೆ, ಇಷ್ಟು ಇವೆ. ಎರಡನೆಯ ಚಿತ್ರ, ಇದನ್ನೆಲ್ಲ ಕಿತ್ತು ಹೊಸದು ಹಾಕಲು ಒಬ್ಬರು ಕೊಟ್ಟ 38,000 ರೂಪಾಯಿಯ ಕೊಟೇಶನ್. ಪ್ಯಾನಲ್ಲಿನಲ್ಲಿ ಹಸಿರು ದೀಪ ಉರಿಯುತ್ತಿದೆಯಲ್ಲ, ಇದ್ದದ್ದನ್ನೇ ಬಳಸಿದರೆ ಸಾಲದೆ?

ಭಾವ: ಸಾಲದು. ಹಸಿರು ದೀಪ ಎಂದರೆ ಪ್ಯಾನಲ್ಲಿಗೆ ಕರೆಂಟ್ ಬರುತ್ತಿದೆ ಎಂದಷ್ಟೇ ಅರ್ಥ. ಹಿಂದಿನ ಅಂಗಡಿಯವರು, ಅವರ ಗುಮಾಸ್ತರು, ಕೆಲಸ ಬಿಟ್ಟುಹೋದ ಹುಡುಗರು, ಅಲಾರಂ ಹಾಕಿಕೊಟ್ಟವರು, ಇವರೆಲ್ಲರಿಗೂ ಆ ನಾಲ್ಕು ಅಂಕಿಯ ಕೋಡ್ ಬಾಯಿಪಾಠವಾಗಿರಬಹುದು. ಕಿತ್ತು ಬಿಸಾಡಿ ಎರಡು ವೈಫೈ ಕ್ಯಾಮೆರಾ ಹಾಕಿಸಿದರೆ ಮೊಬೈಲಿನಲ್ಲೇ ಎಲ್ಲ ಕಾಣುತ್ತದೆ.

ದೊಡ್ಡಪ್ಪ: ಅಳಿಯಂದಿರು ಕೋಡಿನ ವಿಷಯದಲ್ಲಿ ಹೇಳಿದ್ದು ಸರಿ, ಕಿತ್ತು ಬಿಸಾಡುವ ವಿಷಯದಲ್ಲಿ ಹೇಳಿದ್ದು ಸರಿಯಲ್ಲ. ಕರೆಂಟ್ ಹೋದ ಕೂಡಲೇ ರೂಟರ್ ಸತ್ತರೆ ಆ ಕ್ಯಾಮೆರಾ ಯಾರಿಗೆ ಏನನ್ನು ತೋರಿಸುತ್ತದೆ? ಗೋಡೆಯೊಳಗೆ ಪೈಪಿನಲ್ಲಿ ಎಳೆದ ತಂತಿಗೆ ಅಷ್ಟು ಬೇಗ ವಯಸ್ಸಾಗುವುದಿಲ್ಲ. ಅಂಥ ಸೆನ್ಸರ್ ಎಂದರೆ ಕೊನೆಗೆ ತೆರೆದು ಮುಚ್ಚುವ ಒಂದು ಸ್ವಿಚ್ ಅಷ್ಟೆ. ಪ್ಯಾನಲ್ಲೇ ಕೆಟ್ಟಿದ್ದರೂ ಅದೇ ತಂತಿಗೆ ಬೇರೆ ಪ್ಯಾನಲ್ ಕೂರಿಸಬಹುದು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿಗಳ ನಡುವೆ ಬದುಕಿದವನ ಮಾತಿದು.

ಭಾವ: ದೊಡ್ಡಪ್ಪ, ಎಕ್ಸ್‌ಚೇಂಜಿಗೆ ಕಾವಲಿತ್ತು. ಇಲ್ಲಿ ಹಿತ್ತಾಳೆ ದೀಪಗಳ ಜೊತೆಗೆ ಎರಡು ಕಪಾಟು ಬೆಳ್ಳಿಯೂ ಇರುತ್ತದೆ.

ದೊಡ್ಡಪ್ಪ: ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಪ್ಯಾನಲ್ಲಿನ ಪೆಟ್ಟಿಗೆ ತೆರೆದು ನೋಡಿ, ಆಮೇಲೆ ಕೊಟೇಶನ್ ನೋಡಿ. ಪುಟ್ಟಿ, ಕೀಪ್ಯಾಡಿನಲ್ಲಿ ಒತ್ತುವ ಕೋಡ್ ಬದಲಿಸಿದರೆ ಮುಗಿಯಿತು ಎಂದುಕೊಳ್ಳಬೇಡ. ಅದರ ಮೇಲೆ ಅಳವಡಿಸಿದವರ ಕೋಡ್ ಎಂದು ಇನ್ನೊಂದಿರುತ್ತದೆ. ಯಾವ ಸೆನ್ಸರ್ ಯಾವ ಜೋನ್ (ಅಂಗಡಿಯ ಯಾವ ಭಾಗ), ಬಾಗಿಲು ತೆರೆದ ಎಷ್ಟು ಸೆಕೆಂಡಿಗೆ ಹೂಟರ್ ಕೂಗಬೇಕು ಎಂಬಂಥ ವಿಷಯಗಳು ಅದರಡಿಯಲ್ಲೇ ಇರುತ್ತವೆ. ಅದು ಸಿಗದಿದ್ದರೆ ಕೆಲವು ಪ್ಯಾನಲ್‌ಗಳನ್ನು ಬೋರ್ಡಿನ ಎರಡು ಪಿನ್ ಜೋಡಿಸಿ ಮೂಲಸ್ಥಿತಿಗೆ ತರಬಹುದು, ಆದರೆ ಹಾಕಿದವರು ಲಾಕ್ ಮಾಡಿದ್ದರೆ ಅದೂ ನಡೆಯುವುದಿಲ್ಲ. ಮುಚ್ಚಳ ತೆಗೆದಾಗ ಹೂಟರ್ ಕೂಗಿದರೆ ಹೆದರಬೇಡ, ಕೂಗದಿದ್ದರೆ ಹೆದರು.

(ಮರುದಿನ ಸಂಜೆ)

ನಾನು: ಎಲೆಕ್ಟ್ರಿಷಿಯನ್ ಜೊತೆ ಪೆಟ್ಟಿಗೆ ತೆರೆದೆವು. ಹೂಟರ್ ಕೂಗಲಿಲ್ಲ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ ಪೆನ್ನಿನಲ್ಲಿ 2017 ಎಂದು ಬರೆದಿದೆ. ಅದರ ಎರಡು ಪಕ್ಕಗಳು ಉಬ್ಬಿದ ಹಪ್ಪಳದ ಹಾಗೆ ಊದಿಕೊಂಡು ಪೆಟ್ಟಿಗೆಯಿಂದ ಹೊರಗೆ ಬರಲೊಲ್ಲದು, ತುದಿಗಳಲ್ಲಿ ಬಿಳಿಯ ಪುಡಿ ಕಟ್ಟಿದೆ. ಮೇನ್ಸ್ ಆಫ್ ಮಾಡಿದ ಕ್ಷಣವೇ ಹಸಿರು ದೀಪವೂ ಆರಿತು. ಇದಕ್ಕಿಂತ ವಿಚಿತ್ರವಾದದ್ದು ಮೂರನೆಯ ಚಿತ್ರದಲ್ಲಿದೆ: ಶಟರಿನಿಂದ ಬಂದ ಎರಡು ತಂತಿಗಳು ಕಳಚಿ, ಟೇಪ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿವೆ, ಅವು ಇರಬೇಕಾದ ಎರಡು ಸ್ಕ್ರೂಗಳ ನಡುವೆ ಪಟ್ಟೆ ಬಳಿದ ಒಂದು ಸಣ್ಣ ರೆಸಿಸ್ಟರ್ (ಕರೆಂಟಿನ ಹರಿವಿಗೆ ತಡೆ ಒಡ್ಡುವ ಬಿಡಿಭಾಗ) ಮಾತ್ರ ಇದೆ.

ದೊಡ್ಡಪ್ಪ: ಹಾಗಾದರೆ ನಿಮ್ಮ ಶಟರನ್ನು ಹಾರೆ ಹಾಕಿ ಮೀಟಿದರೂ ಪ್ಯಾನಲ್ಲಿಗೆ ಗೊತ್ತಾಗುವುದಿಲ್ಲ. ಆ ರೆಸಿಸ್ಟರ್ ಇರಬೇಕಾದದ್ದು ತಂತಿಯ ಆಚೆಯ ತುದಿಯಲ್ಲಿ, ಸ್ವಿಚ್ಚಿನ ಪಕ್ಕದಲ್ಲಿ. ಅಲ್ಲಿದ್ದರೆ ದಾರಿಯಲ್ಲಿ ಯಾರಾದರೂ ತಂತಿ ಕತ್ತರಿಸಿದರೂ, ಎರಡನ್ನು ಒಂದಕ್ಕೊಂದು ಸೇರಿಸಿದರೂ ತಂತಿಯಲ್ಲಿ ಹರಿಯುವ ಕರೆಂಟಿನ ಅಳತೆ ಬದಲಾಗಿ ಪ್ಯಾನಲ್ ಎಚ್ಚರಗೊಳ್ಳುತ್ತದೆ. ಪೆಟ್ಟಿಗೆಯೊಳಗೇ ಕೂರಿಸಿದರೆ ಶಟರ್ ಸದಾ ಮುಚ್ಚಿದೆ ಎಂದೇ ಅದು ನಂಬಿರುತ್ತದೆ. ಹಿಂದಿನವರನ್ನು ಕೇಳಿದೆಯಾ?

ನಾನು: ಕೇಳಿದೆ. ಬಸ್ ಹೋದಾಗಲೆಲ್ಲ ಶಟರ್ ಅದುರಿ, ಸ್ವಿಚ್ಚಿಗೂ ಅಯಸ್ಕಾಂತಕ್ಕೂ ನಡುವಿನ ಅಂತರ ಹೆಚ್ಚಾಗಿ, ಬೆಳಗಿನ ಜಾವ ಹೂಟರ್ ಕೂಗುತ್ತಿತ್ತಂತೆ. ಮಹಡಿಯ ಮನೆಯವರು ಜಗಳಕ್ಕೆ ಬಂದ ಮೇಲೆ ಯಾರೋ ಬಂದು ‘ಸರಿಮಾಡಿ’ ಹೋದರಂತೆ. ಅಲ್ಲಿಂದಾಚೆಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ ಎಂದು ಅವರು ಬಹಳ ಸಂತೋಷದಿಂದ ಹೇಳಿದರು.

ಭಾವ: ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ದೊಡ್ಡಪ್ಪ: ಇದು ಕೆಲಸಗಾರನ ತಪ್ಪೇ ಹೊರತು ಯಂತ್ರದ್ದಲ್ಲ. ರೋಲಿಂಗ್ ಶಟರಿಗೆಂದೇ ಲೋಹದ ಕವಚದ, ಹೆಚ್ಚು ಅಂತರವನ್ನು ತಡೆದುಕೊಳ್ಳುವ ಸ್ವಿಚ್ ಬರುತ್ತದೆ. ಬಾಗಿಲಿಗೆ ಹಾಕುವ ಪ್ಲಾಸ್ಟಿಕ್ಕಿನದನ್ನು ಶಟರಿಗೆ ಹಾಕಿದ್ದೇ ಮೊದಲ ತಪ್ಪು. ಬ್ಯಾಟರಿಯಂತೂ ಮೂರರಿಂದ ಐದು ವರ್ಷದ ಸರಕು. ಹಳೆಯದನ್ನು ಕಸಕ್ಕೆ ಹಾಕದೆ ಅಂಗಡಿಗೇ ಕೊಟ್ಟು ಹೊಸದು ತಾ.

ತಂಗಿ (ವಿಮೆ): ನನ್ನದೊಂದು ಮಾತು. ವಿಮೆಯ ಅರ್ಜಿಯಲ್ಲಿ ಅಲಾರಂ ಇದೆಯೇ ಎಂದು ಕೇಳಿದ್ದರೆ, ಇದು ದುರಸ್ತಿಯಾಗುವ ತನಕ ಇದೆ ಎಂದು ಬರೆಯಬೇಡ ಅಕ್ಕಾ. ಇದೆ ಎಂದು ಬರೆದು ಕೆಲಸ ಮಾಡದ್ದನ್ನು ಇಟ್ಟುಕೊಂಡರೆ ಪರಿಹಾರ ಕೇಳುವ ದಿನ ಅದೇ ಉತ್ತರ ನಿನಗೆ ತಿರುಗಿಬೀಳುತ್ತದೆ. ಇನ್ನೊಂದು ವಿಷಯವೆಂದರೆ, ಪಾಲಿಸಿಯಲ್ಲಿ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವು ಎಂಬ ಷರತ್ತು ಇದ್ದರೆ, ಬಲಪ್ರಯೋಗ ನಡೆದೇ ಇರಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹರ್ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಹೇಳಿದೆ. ಹಳೆಯ ಗುಮಾಸ್ತರೊಬ್ಬರು ನಕಲಿ ಬೀಗದ ಕೈಯಿಂದ ಶಟರ್ ತೆರೆದು, ಹಳೆಯ ಕೋಡ್ ಒತ್ತಿ, ಮೆಲ್ಲಗೆ ಹೋದರು ಎಂದುಕೋ. ಒಡೆದ ಗುರುತನ್ನು ಎಲ್ಲಿಂದ ತೋರಿಸುತ್ತೀಯೆ? ಕೋಡಿನ ಜೊತೆಗೆ ಬೀಗಗಳನ್ನೂ ಬದಲಿಸು.

ರಾಜಾಜಿನಗರದ ಅತ್ತೆ: ಕರೆ ಮಾಡುವ ಪೆಟ್ಟಿಗೆಗೆ ಸಿಮ್ ಬೇಕಲ್ಲವೇ? ನನ್ನ ಬಳಿ ಒಂದು ಜಿಯೋ ಸಿಮ್ ಸುಮ್ಮನೆ ಬಿದ್ದಿದೆ, ಬಂದು ತೆಗೆದುಕೊಂಡು ಹೋಗು. ಊಟಕ್ಕೇ ಬಾ.

ದೊಡ್ಡಪ್ಪ: ಊಟಕ್ಕೆ ಹೋಗು, ಸಿಮ್ ಬೇಡ. ಅದು 2ಜಿ ಪೆಟ್ಟಿಗೆ. ಜಿಯೋದಲ್ಲಿ 2ಜಿ ಇಲ್ಲ. ಏರ್‌ಟೆಲ್ ಅಥವಾ ವಿಐ ಸಿಮ್ ಅನ್ನು ನಿನ್ನ ಹೆಸರಿನಲ್ಲೇ ತೆಗೆದುಕೊಂಡು, ರೀಚಾರ್ಜ್ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡು.

ಭಾವ: 2ಜಿ ಎಷ್ಟು ದಿನ ಇರುತ್ತದೆಂದು ಈಗ ಹಣ ಹಾಕುವುದು? ಆ ಪೆಟ್ಟಿಗೆಯೊಂದನ್ನಾದರೂ 4ಜಿಗೆ ಬದಲಿಸಲಿ.

ದೊಡ್ಡಪ್ಪ: ಅದಕ್ಕೆ ನನ್ನ ತಕರಾರಿಲ್ಲ. ಈಗಿನದರಲ್ಲಿ ಯಾರ ನಂಬರ್‌ಗಳಿವೆ ಎಂದು ಮಾತ್ರ ಮೊದಲು ನೋಡಿ.

(ಎರಡು ದಿನಗಳ ನಂತರ)

ನಾನು: ಪ್ಯಾನಲ್ಲಿನ ಮಾದರಿಯ ಹೆಸರು ಹುಡುಕಿ ಕೈಪಿಡಿ ಇಳಿಸಿಕೊಂಡೆ. ಅದರಲ್ಲಿ ಅಚ್ಚಾಗಿರುವ, ಅಳವಡಿಸುವವರಿಗೆಂದು ಕಾರ್ಖಾನೆಯವರೇ ಇಟ್ಟ ಕೋಡನ್ನು ಸುಮ್ಮನೆ ಒತ್ತಿ ನೋಡಿದೆ. ಮೊದಲನೆಯ ಪ್ರಯತ್ನಕ್ಕೇ ತೆರೆಯಿತು. ಇಷ್ಟು ವರ್ಷ ಯಾರೂ ಅದನ್ನು ಬದಲಿಸಿರಲಿಲ್ಲ. ಕರೆಯ ಪಟ್ಟಿಯಲ್ಲಿದ್ದ ಮೊದಲ ನಂಬರ್, ಕೆಲಸ ಬಿಟ್ಟುಹೋದ ಗುಮಾಸ್ತರದು.

ತಂಗಿ (ವಿಮೆ): ಅಂದರೆ ಕಳ್ಳರು ಬಂದಿದ್ದರೆ ಆ ಗುಮಾಸ್ತರಿಗೇ ಮೊದಲು ತಿಳಿಯುತ್ತಿತ್ತು.

ನಾನು: ಎರಡೂ ಕೋಡ್ ಬದಲಿಸಿದೆ, ಹಳೆಯ ನಂಬರ್‌ಗಳನ್ನೆಲ್ಲ ಅಳಿಸಿದೆ, ಬ್ಯಾಟರಿ ಮತ್ತು ಶಟರಿನ ಸ್ವಿಚ್ ಹೊಸದು, ಕರೆಯ ಪೆಟ್ಟಿಗೆ 4ಜಿ. ರೆಸಿಸ್ಟರ್ ತನ್ನ ಜಾಗಕ್ಕೆ ಹೋಗಿದೆ. ಎಲ್ಲ ಸೇರಿ 9,400 ರೂಪಾಯಿ ಆಯಿತು. ಮೇನ್ಸ್ ತೆಗೆದು ಬೆಳಗಿನಿಂದ ಸಂಜೆಯವರೆಗೆ ಬ್ಯಾಟರಿಯ ಮೇಲೇ ಓಡಿಸಿ ನೋಡಿದೆವು, ನಿಲ್ಲಲಿಲ್ಲ. ಹೂಟರ್ ಮೂರು ನಿಮಿಷಕ್ಕೆ ತಾನೇ ನಿಲ್ಲುವಂತೆ ಮಾಡಿ, ಮಹಡಿಯ ಮನೆಯವರಿಗೂ ಹೇಳಿ ಬಂದೆ.

ದೊಡ್ಡಪ್ಪ: ಸೆನ್ಸರ್‌ಗಳ ಮುಂದೆ ನಡೆದು ನೋಡಿದೆಯಾ?

ನಾನು: ನೋಡಿದೆ. ಒಂದು ಸೆನ್ಸರ್ ಕುರುಡು. ಸೀರೆ ಅಂಗಡಿಯಲ್ಲಿ ಗಾದಿ ಹಾಸಿದ ಗಿಡ್ಡ ಕಟ್ಟೆ ಇತ್ತು, ಈಗ ಆ ಜಾಗದಲ್ಲಿ ಏಳಡಿಯ ಕಪಾಟು ಬಂದಿದೆ. ಕಪಾಟಿನ ಹಿಂದೆ, ಸರಿಯಾಗಿ ಬೆಳ್ಳಿ ಇಡುವ ಕಡೆ, ಎದ್ದು ಕೂತು ಕುಣಿದರೂ ಅದರ ದೀಪ ಮಿನುಗಲಿಲ್ಲ.

ದೊಡ್ಡಪ್ಪ: ಅದು ಗ್ರಹಿಸುವುದು ಚಲಿಸುವ ದೇಹದ ಶಾಖವನ್ನು, ಹಲಗೆಯ ಆಚೆಗಾಗಲಿ ಗಾಜಿನ ಆಚೆಗಾಗಲಿ ಅದಕ್ಕೆ ಏನೂ ತಿಳಿಯದು. ಎದುರು ಮೂಲೆಗೆ ಸರಿಸು. ಫ್ಯಾನಿನ ಗಾಳಿಗೆ ತೂಗುವ ತೋರಣ, ಹಾರಗಳನ್ನು ಅದರ ಮುಂದೆ ನೇತುಹಾಕಬೇಡ, ಸುಮ್ಮಸುಮ್ಮನೆ ಕೂಗೀತು.

ಭಾವ: ಎಲ್ಲ ಸರಿ, ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಕಪಾಟಿನ ಹಿಂದಕ್ಕೆ ಒಂದು ಕ್ಯಾಮೆರಾವನ್ನು ನನ್ನ ಖರ್ಚಿನಲ್ಲೇ ಹಾಕಿಸುತ್ತೇನೆ, ಯಾರೂ ಬೇಡ ಎನ್ನಬಾರದು.

ನಾನು: ಬೇಡ ಎನ್ನುವುದಿಲ್ಲ ಭಾವ. ಸೆನ್ಸರ್ ಸರಿಸಿ ಆಯಿತು. ಈಗ ಶಟರ್ ಎಳೆದು ಅಲಾರಂ ಹಾಕಿ, ಮತ್ತೆ ಎತ್ತುತ್ತಿದ್ದೇನೆ. ದೊಡ್ಡಪ್ಪ, ಮೊದಲ ಕರೆ ನಿಮಗೇ ಬರುತ್ತದೆ.

ದೊಡ್ಡಪ್ಪ: ಬಂತು. ಆದರೆ ನನ್ನ ನಂಬರನ್ನು ಮೂರನೆಯದಕ್ಕೆ ಇಳಿಸಿ ಅಳಿಯಂದಿರದನ್ನು ಮೊದಲಿಗೆ ಹಾಕು. ರಾತ್ರಿ ನಾನು ಕಿವಿಯ ಮೆಷಿನ್ ತೆಗೆದಿಟ್ಟು ಮಲಗುತ್ತೇನೆ.